ಹಳಿಗೆ ಬೆನ್ನು ಮಾಡಿ ನಿಂತ ದರ್ಜಿ

"ಗುರುಗಳೇ, ಮಾಡಿದ ಕೆಲಸವನ್ನು ಕಣ್ಣಾರೆ ನೋಡುವ ಭಾಗ್ಯ ಇಲ್ಲದಿದ್ದರೆ ಅದನ್ನು ಯಾಕಾದರೂ ಮಾಡಬೇಕು?" ಎಂದು ಶಿಷ್ಯ ಕೇಳಿದ.

ಮಠದ ಹೊಸ ಗ್ರಂಥಾಲಯಕ್ಕೆ ಅವನು ವರ್ಷವಿಡೀ ದುಡಿದಿದ್ದ. ಉದ್ಘಾಟನೆಯ ದಿನ ಅವನ ಪಾಲಿಗೆ ಬಂದದ್ದು ಬಾಗಿಲಾಚೆ ಚಪ್ಪಲಿ ಕಾಯುವ ಕೆಲಸ. ಮಾತಿನ ಹೊತ್ತಿಗೆ ಇಬ್ಬರೂ ಮಠದೆದುರಿನ ಚಹಾದಂಗಡಿಯಲ್ಲಿ ಕೂತಿದ್ದರು.

ಗುರು ಹೇಳಿದ: "ನಾನು ಹುಟ್ಟಿದ ಗಳಿಗೆಯಲ್ಲಿ ಈ ನಾಡಿನ ಉಗಿಬಂಡಿಗಳೆಲ್ಲ ಒಟ್ಟಿಗೆ ಸಿಳ್ಳೆ ಹಾಕಿದ್ದವು. ಇದು ಶುದ್ಧ ಸುಳ್ಳು. ಇನ್ನು ಮುಂದಿನದು ಎಷ್ಟು ನಿಜ ಅಂತ ನೀನೇ ಅಳೆದುಕೋ."

ಒಂದು ಊರಿನ ಶೆಡ್ಡಿನಲ್ಲಿ ಹಳೆಯ ಉಗಿಎಂಜಿನ್ನೊಂದು ತುಕ್ಕು ಹಿಡಿದು ನಿಂತಿತ್ತು. ಊರಿನ ಹತ್ತು ಜನ ಸೇರಿ ಅದನ್ನು ಬದುಕಿಸುತ್ತೇವೆಂದು ಹೊರಟರು. ಸಂಬಳವಿಲ್ಲ, ಭಾನುವಾರ ಮಾತ್ರ ಕೆಲಸ. ಅವರಲ್ಲೊಬ್ಬ ದರ್ಜಿ. ಮೈ ಸಣಕಲಾದ್ದರಿಂದ ಎಂಜಿನ್ನಿನ ಹೊಟ್ಟೆಯೊಳಗೆ ತೂರುವುದು ಅವನ ಪಾಲಿಗೇ ಬಂತು. ಬಾಯ್ಲರಿನ ಕೊಳವೆಗಳನ್ನು ಒಂದೊಂದಾಗಿ ಉಜ್ಜಿದ. ಒಂಬತ್ತು ವರ್ಷ ಉಜ್ಜಿದ. ಅದು ಓಡುವುದನ್ನು ಅವನು ಎಂದೂ ನೋಡಿರಲಿಲ್ಲ. ನೋಡಬೇಕೆನ್ನುವುದೊಂದೇ ಅವನ ಆಸೆ.

ಕೊನೆಗೆ ತಪಾಸಣೆಯ ಅಧಿಕಾರಿ ಬಂದು ಬಾಯ್ಲರನ್ನು ತಟ್ಟಿ ನೋಡಿದ. "ತಗಡು ಸವೆದಿದೆ. ಪಕ್ಕದೂರಿನ ನಿಲ್ದಾಣದವರೆಗೆ ಒಂದೇ ಒಂದು ಓಟ. ಆಮೇಲೆ ಅದು ಅಲ್ಲೇ ನಿಲ್ಲಲಿ" ಎಂದ.

ಆ ಜನರಲ್ಲಿ ಒಂದು ಪದ್ಧತಿಯಿತ್ತು. ಎಲ್ಲರೂ ಬಯಸುವ ಕೆಲಸವಿದ್ದಾಗ ಹಂಚುವುದು ಚೀಟಿ ಎತ್ತಿ. ಕಲ್ಲಿದ್ದಲಿನ ಬುಟ್ಟಿಯಲ್ಲಿ ಚೀಟಿ ಹಾಕಿದರು. ದರ್ಜಿಗೆ ಬಂದದ್ದು ಗೇಟು. ಗೇಟೆಂದರೆ ಹಳಿ ದಾಟುವ ದಾರಿಗೆ ಅಡ್ಡ ಕಟ್ಟಿದ ಹಗ್ಗ ಅಷ್ಟೆ. ಅಲ್ಲಿ ನಿಲ್ಲುವವನಿಗೆ ಒಂದು ಕಟ್ಟಳೆ: ಬೆನ್ನು ಹಳಿಗೆ, ಮುಖ ದಾರಿಗೆ. ಬಂಡಿ ನೋಡುತ್ತ ನಿಂತರೆ ಜನರನ್ನು ನೋಡುವವರು ಯಾರು?

ದರ್ಜಿ ಚೀಟಿಯನ್ನು ಎರಡು ಸಲ ಓದಿದ. ಮಡಚಿ ಜೇಬಿನಲ್ಲಿಟ್ಟುಕೊಂಡು ಗೇಟಿಗೆ ನಡೆದ.

ಆ ಬೆಳಿಗ್ಗೆ ಮಂಜು ಕವಿದಿತ್ತು. ಜನ ಹಗ್ಗದ ಆಚೆ ನೆರೆದರು. ಸೈಕಲ್ಲಿನವನೊಬ್ಬ ನುಗ್ಗಿ ಮುಂದೆ ಬಂದ.

"ಏನ್ರೀ ಟೇಲರ್, ನಿಮ್ಮ ಕಬ್ಬಿಣದಜ್ಜಿ ಇಲ್ಲಿಗೆ ಬರೋದ್ರೊಳಗೆ ನಾನು ಮನೆ ಸೇರಿ, ಉಂಡು, ಕೈ ತೊಳೆದಿರ್ತೀನಿ. ಎತ್ತಿ ಹಗ್ಗ!"

"ಅಜ್ಜಿ ನನ್ನನ್ನ ಒಂಬತ್ತು ವರ್ಷ ಕಾಯಿಸಿದ್ದಾಳೆ ಸ್ವಾಮಿ. ನೀವು ಒಂಬತ್ತು ನಿಮಿಷ ಕಾಯಿರಿ."

ಆಗ ನೆಲ ನಡುಗಿತು. ದರ್ಜಿಗೆ ಮೊದಲು ತಿಳಿದದ್ದು ಅಂಗಾಲಿಗೆ. ಆಮೇಲೆ ಉಸಿರು ಕೇಳಿಸಿತು. ಅವನು ಉಜ್ಜಿದ ಕೊಳವೆಗಳೆಲ್ಲ ಒಟ್ಟಿಗೆ ಉಸಿರಾಡುತ್ತಿದ್ದವು. ಬೆನ್ನು ಬೆಚ್ಚಗಾಯಿತು. ಅವನಿಗರಿವಿಲ್ಲದೆ ಕತ್ತು ಅರ್ಧ ತಿರುಗಿತು.

ಅಷ್ಟರಲ್ಲಿ ಸೈಕಲ್ಲಿನವನು ಹಗ್ಗದಡಿ ಬಗ್ಗಿ ನುಸುಳಿದ.

ದರ್ಜಿ ಕತ್ತನ್ನು ದಾರಿಯ ಕಡೆಗೇ ತಿರುಗಿಸಿಕೊಂಡು ಎರಡೂ ಕೈಯಲ್ಲಿ ಅವನ ಕಾಲರು ಹಿಡಿದ. ಸೈಕಲ್ಲು ಬಿತ್ತು. ಬಿಳಿಯ ಉಗಿ ಬಂದು ಇಬ್ಬರನ್ನೂ ಮುಚ್ಚಿತು. ಊರು, ಜನ, ದಾರಿ ಯಾವುದೂ ಉಳಿಯಲಿಲ್ಲ. ಕಾಲರಿನ ಮೇಲೆ ಎರಡು ದೊಡ್ಡ ಕಣ್ಣು ಮಾತ್ರ ಇದ್ದವು. ಆ ಕಣ್ಣಿನೊಳಗೆ ಸಾಸಿವೆಯಷ್ಟು ಕಪ್ಪು ಬಂಡಿಯೊಂದು ಸದ್ದಿಲ್ಲದೆ ತೇಲಿ ಹೋಯಿತು.

ಉಗಿ ಕರಗಿದಾಗ ಹಳಿ ಖಾಲಿಯಿತ್ತು. ದರ್ಜಿ ಅವನ ಕಾಲರನ್ನು ಬಿಟ್ಟು, ಅಭ್ಯಾಸಬಲದಿಂದ ಅದರ ಮಡಿಕೆ ಸರಿಮಾಡಿದ. ಆಮೇಲೆ ಹಗ್ಗ ಬಿಚ್ಚಿ ಜನರನ್ನು ದಾಟಿಸಿದ.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಪಾಪ! ಒಂಬತ್ತು ವರ್ಷ ದುಡಿದು ಕೊನೆಗೆ ಅವನ ಕೈಗೆ ಸಿಕ್ಕಿದ್ದೇನು ಗುರುಗಳೇ?"

"ಅವನ ಕೈಗೆ ಸಿಕ್ಕವನು ನಿನ್ನೆದುರು ಕೂತು ಚಹಾ ಕುಡಿಯುತ್ತಿದ್ದಾನೆ, ಕಾಸು ನೀನು ಕೊಟ್ಟುಬಿಡು."