ಹನ್ನೆರಡನೆಯ ದನಿ

“ಗುರುಗಳೇ, ನಾನು ದಿನವೂ ಹಾಡಿ ದೇವರನ್ನು ನೆನೆಯುತ್ತೇನೆ. ಮುಕ್ತಿಗೆ ಅಷ್ಟು ಸಾಲದೇ? ಊರಿನ ನ್ಯಾಯ ಅನ್ಯಾಯಗಳ ಗೊಡವೆ ನನಗೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಹಾಡುಗಾರನಿದ್ದ. ಮುಕ್ತಿಯನ್ನು ಬಯಸಿ ಮನೆ ಬಿಟ್ಟವನು, ಗುಡಿಯಿಂದ ಗುಡಿಗೆ ಹಾಡುತ್ತ ನಡೆಯುತ್ತಿದ್ದ. ಒಂದು ಮಧ್ಯಾಹ್ನ ದೊಡ್ಡ ಮನೆಯೊಂದರ ಗೋಡೆಯಾಚೆಯಿಂದ ಹೆಂಗಸರು ದೇವರನಾಮ ಹಾಡುವುದು ಕೇಳಿತು. ಹನ್ನೆರಡು ದನಿಗಳು, ಎಲ್ಲಿಯೂ ಬಿಡುವಿಲ್ಲ. ಅವನ ಮೈ ಜುಮ್ಮೆಂದಿತು. ಒಳಗೆ ಹೋದ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದರು. ಜಗಲಿಯ ಮೇಲೆ ಕಣ್ಣು ಕಾಣದ ಯಜಮಾನ ಕೂತಿದ್ದ.

“ಯಜಮಾನರೇ, ಇಂಥ ಭಕ್ತಿಯನ್ನು ನಾನು ಯಾವ ಗುಡಿಯಲ್ಲಿಯೂ ಕೇಳಿಲ್ಲ” ಎಂದ ಹಾಡುಗಾರ.

ಯಜಮಾನ ನಕ್ಕ. “ಭಕ್ತಿ ಗಿಕ್ತಿ ಏನಿಲ್ಲ, ದಾಸರೇ. ಹಾಡುವ ಬಾಯಿ ಬೀಜ ತಿನ್ನುವುದಿಲ್ಲ. ಕಣ್ಣು ಹೋದ ಮೇಲೆ ನನಗೆ ಕಿವಿಯೇ ಕಾವಲು. ಒಂದು ದನಿ ನಿಂತರೂ ಗೊತ್ತಾಗುತ್ತದೆ. ನಿಲ್ಲಿಸಿದವಳಿಗೆ ನಾಳೆಯಿಂದ ಕೆಲಸವಿಲ್ಲ.”

ಸಾಲಿನ ಕೊನೆಯಲ್ಲಿ ಒಬ್ಬ ಬಸುರಿ ಕೂತಿದ್ದಳು. ಹಸಿವು ತಡೆಯಲಾರದೆ ಅವಳು ನಾಲ್ಕು ಬೀಜ ಬಾಯಿಗೆ ಹಾಕಿಕೊಂಡಳು. ಅವಳ ದನಿ ನಿಂತಿತು.

“ಯಾವಳೇ ಅವಳು?” ಯಜಮಾನ ಕೋಲು ಹಿಡಿದು ಎದ್ದ.

ಉಳಿದ ಹನ್ನೊಂದು ಮಂದಿ ಹಾಡುತ್ತಲೇ ಇದ್ದರು. ಹಾಡು ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಬಸುರಿಯ ಪಕ್ಕದ ಮುದುಕಿ ಹಾಡುಗಾರನನ್ನು ಒಮ್ಮೆ ನೋಡಿದಳು. ಸ್ವಲ್ಪ ಸರಿದು ಜಾಗ ಬಿಟ್ಟಳು.

ಹಾಡುಗಾರ ಅಲ್ಲಿ ಕೂತ. ದನಿಯನ್ನು ಸಣ್ಣ ಮಾಡಿ, ಬಸುರಿಯ ಶ್ರುತಿಗೇ ಹೊಂದಿಸಿ, ಅವಳು ಬಿಟ್ಟ ಪದದಿಂದ ಎತ್ತಿಕೊಂಡ. ಯಜಮಾನ ಬೆರಳು ಮಡಿಸಿ ಎಣಿಸಿದ. ಹನ್ನೆರಡು ಸರಿಯಾಗಿತ್ತು. ಮತ್ತೆ ಕೂತ.

“ದಾಸರೇ, ಹೊರಟುಹೋದಿರಾ?” ಎಂದು ಕೇಳಿದ.

ಉತ್ತರಿಸಿದರೆ ಒಂದು ದನಿ ಕಡಿಮೆಯಾಗುತ್ತಿತ್ತು; ಹಾಡುಗಾರ ಹಾಡುತ್ತಲೇ ಇದ್ದ. ಪಕ್ಕದಲ್ಲಿ ಬಸುರಿ ಮೆಲ್ಲಗೆ ಅಗಿದು ನುಂಗುತ್ತಿದ್ದಳು. ಆ ಸದ್ದು ಅವನಿಗೆ ಮಾತ್ರ ಕೇಳಿಸಿತು. ಎಷ್ಟೋ ಗುಡಿಗಳಲ್ಲಿ ಹಾಡಿದವನು. ಅಂದು ಅವಳು ನುಂಗಿ ಮುಗಿಸುವವರೆಗೂ ಒಂದು ಪದವನ್ನೂ ಬಿಡದೆ ಹಾಡಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವನಿಗೆ ಮುಕ್ತಿ ಸಿಕ್ಕಿತೇ?” ಎಂದ.

“ಆ ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಹಸಿದಿದ್ದರಪ್ಪ. ಅವರ ಬದಲಿಗೂ ಹಾಡಬೇಕಿತ್ತು. ಮುಕ್ತಿ ಸಿಕ್ಕಿತೇ ಎಂದು ಕೇಳಲು ಅವನಿಗೆ ಪುರುಸೊತ್ತಾಗಲಿಲ್ಲ.”