ಮನೆವಾರ್ತೆ

ಹೊಳೆಯ ದಂಡೆಯ ಆಶ್ರಮದಲ್ಲಿ ಕಲ್ಲಿನಾಥನೆಂಬ ಶಿಷ್ಯನಿದ್ದ. ಯಾವ ಪದ ಕೇಳಿದರೂ ಅದರ ಹುಟ್ಟು, ಬೇರು, ಅರ್ಥ ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಆ ವರ್ಷ ಹೊಳೆ ಉಕ್ಕಿ ಕೆಳಗಿನ ಕೇರಿಗೆ ನುಗ್ಗಿತು. ಅಲ್ಲಿಯವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಆಶ್ರಮಕ್ಕೆ ಬಂದರು.

ಗುರುಗಳು ತಮ್ಮ ಕೋಣೆಯನ್ನು ಎಳೆಕೂಸಿನ ತಾಯಿಯೊಬ್ಬಳಿಗೆ ಬಿಟ್ಟುಕೊಟ್ಟು ಸೌದೆ ಕೊಟ್ಟಿಗೆಗೆ ನಡೆದರು. ಹೋಗುವಾಗ ಹೇಳಿದರು:

"ಕಲ್ಲಿನಾಥ, ಇನ್ನು ಇಲ್ಲಿಯ ಮನೆವಾರ್ತೆ ನಿನ್ನದು."

ಅದೇನು ಮಹಾ ಕೆಲಸ ಅಂದುಕೊಂಡ ಕಲ್ಲಿನಾಥ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ರಂಪ. ಇದ್ದದ್ದು ಒಂದೇ ಒಲೆ.

"ನಾನು ಮೊದಲು," ಎಂದಳು ಕೇರಿಯ ತುಂಗವ್ವ.

"ನೀನ್ಯಾಕೆ ಮೊದಲು?" ಎಂದಳು ಅವಳ ಓರಗಿತ್ತಿ ಶಾವಂತ್ರಿ.

ಮೂಲೆಯಲ್ಲಿ ಮುದುಕಿ ಸಂಕಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತೊಟ್ಟು ನೀರೂ ಮುಟ್ಟಿರಲಿಲ್ಲ. ಕೋಣೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು.

ಕಲ್ಲಿನಾಥ ನಡುವೆ ನಿಂತು ಸಹನೆಯ ಮೇಲೆ ಉಪದೇಶ ಮಾಡಿದ.

"ಚೆನ್ನಾಗಿ ಹೇಳಿದ್ರಿ ಸ್ವಾಮಿ. ಈಗ ಸ್ವಲ್ಪ ಆಚೆ ಸರೀರಿ," ಎಂದಳು ತುಂಗವ್ವ.

ಅವನು ಕೊಟ್ಟಿಗೆಗೆ ಓಡಿದ. ಗುರುಗಳು ಸೌದೆ ಸೀಳುತ್ತಿದ್ದರು.

"ಗುರುಗಳೇ, ನನ್ನ ಮಾತು ಯಾರೂ ಕೇಳುತ್ತಿಲ್ಲ."

"ಮನೆವಾರ್ತೆ ಅಂದರೇನು?"

"ಸಂಸಾರ ನಡೆಸುವುದು. ವಾರ್ತೆ ಎಂದರೆ ಬದುಕುವ ದಾರಿ. ಸುದ್ದಿ ಎಂಬ ಅರ್ಥವೂ ಉಂಟು. ಅದು ಇಲ್ಲಿ ಹೊಂದುವುದಿಲ್ಲ."

"ಹೊಂದುವುದಿಲ್ಲವೋ? ಆ ಕೂಸು ಯಾಕೆ ಅಳುತ್ತಿದೆ?"

"ಗೊತ್ತಿಲ್ಲ."

"ಮುದುಕಿ ಯಾಕೆ ಉಣ್ಣುತ್ತಿಲ್ಲ?"

ಕಲ್ಲಿನಾಥ ಅಡುಗೆಮನೆಯತ್ತ ತಿರುಗಿದ. ಗುರುಗಳು ಮತ್ತೆ ಕೊಡಲಿ ಎತ್ತಿಕೊಂಡರು.

ಈ ಸಲ ಅವನು ನಡುವೆ ನಿಲ್ಲಲಿಲ್ಲ. ಸಂಕಮ್ಮನ ಪಕ್ಕದಲ್ಲಿ ಕೂತ.

"ಏನಾಯ್ತಮ್ಮಾ?"

ಅವಳು ಈ ಕಡೆ ಹೊರಳುವವರೆಗೂ ಅವನು ಏಳಲಿಲ್ಲ.

"ನನ್ನ ಎಮ್ಮೆ ಚಂದ್ರಿ ಆಚೆ ದಿಬ್ಬದ ಮೇಲೆ ಉಳಿದುಬಿಟ್ಟಳಪ್ಪಾ. ಎಳೆಗರು ಬೇರೆ. ಅವಳು ಅಲ್ಲಿ ಉಪವಾಸ ಇರುವಾಗ ನನಗೆ ಹ್ಯಾಗೆ ತುತ್ತು ಇಳೀತದೆ?"

ಕೂಸಿನ ತಾಯಿಯನ್ನು ಕೇಳಿದ. ಗಾಬರಿಗೆ ಅವಳ ಎದೆಹಾಲೇ ಬತ್ತಿತ್ತು.

ತುಂಗವ್ವನನ್ನು ಕೇಳಿದ. "ನಮ್ಮೆಜಮಾನ್ರು ಬೆಳಗಿನಿಂದ ನೀರಲ್ಲಿ ಹಗ್ಗ ಹಿಡಿದು ನಿಂತು ಜನರನ್ನ ದಾಟಿಸ್ತಿದ್ದಾರೆ. ಬಂದ ಕೂಡಲೇ ಬಿಸಿಯಾಗಿ ಏನಾದ್ರೂ ಬೇಡವಾ?"

"ನಮ್ಮೋರೂ ಅಲ್ಲೇ ಇದ್ದಾರೆ," ಎಂದಳು ಶಾವಂತ್ರಿ, ತಗ್ಗಿದ ದನಿಯಲ್ಲಿ. "ಅದೇ ಹಗ್ಗದ ಇನ್ನೊಂದು ತುದೀಲಿ."

ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುಂಗವ್ವ ಒಲೆಯ ಮುಂದೆ ಜಾಗ ಬಿಟ್ಟಳು.

ಕಲ್ಲಿನಾಥ ಪಂಚೆ ಎತ್ತಿ ಕಟ್ಟಿ ದಂಡೆಗೆ ಇಳಿದ. ಓರಗಿತ್ತಿಯರ ಗಂಡಂದಿರಾದ ಆ ಅಣ್ಣತಮ್ಮಂದಿರು ಹಗ್ಗ ಬಿಗಿಹಿಡಿದರು. ಎದೆಮಟ್ಟದ ನೀರಲ್ಲಿ ಹಗ್ಗಕ್ಕೆ ಜೋತುಕೊಂಡು ಅವನು ಆಚೆ ದಿಬ್ಬ ಮುಟ್ಟಿದ. ಕರುವನ್ನು ಹೆಗಲಿಗೆ ಹಾಕಿಕೊಂಡ. ಎಮ್ಮೆ ಮಾತ್ರ ನೀರು ನೋಡಿ ಕಾಲು ಕೀಳಲೊಲ್ಲದು.

ಆಗ ಈಚೆ ದಂಡೆಯಿಂದ ಸಂಕಮ್ಮನ ದನಿ ಕೇಳಿತು.

"ಚಂದ್ರೀ! ಬಾರೇ ನನ್ನವ್ವಾ!"

ಚಂದ್ರಿ ಕಿವಿ ನಿಮಿರಿಸಿತು. ಧುಮುಕಿತು. ಕರು ಹೊತ್ತ ಕಲ್ಲಿನಾಥ ಮುಂದೆ, ಎಮ್ಮೆ ಹಿಂದೆ. ದಡ ಹತ್ತಿದಾಗ ಜನ ಹೋ ಎಂದು ಕೂಗಿ ಕುಣಿದರು. ಮುದುಕಿ ಎಮ್ಮೆಯ ಕೊರಳು ತಬ್ಬಿಕೊಂಡು ನಕ್ಕಳು, ಅತ್ತಳು.

ಕರು ಕುಡಿದು ಉಳಿದ ಹಾಲನ್ನು ಸಂಕಮ್ಮನೇ ಕರೆದು, ಕಾಯಿಸಿ, ಕೂಸಿಗೆ ಕುಡಿಸಿದಳು. ಕೂಸು ನಿದ್ದೆಹೋಯಿತು. ಓರಗಿತ್ತಿಯರು ಒಂದೇ ಹಂಡೆಯಲ್ಲಿ ಎಲ್ಲರಿಗೂ ಜೋಳದ ನುಚ್ಚು ಬೇಯಿಸಿದರು. ಜಗಲಿಯುದ್ದಕ್ಕೂ ಪಂಕ್ತಿ ಕೂತಿತು. ಕಲ್ಲಿನಾಥನೇ ಬಡಿಸಲು ನಿಂತ. ಯಾರಿಗೆ ಖಾರ ಆಗದು, ಯಾರಿಗೆ ಹಲ್ಲಿಲ್ಲ, ಎಲ್ಲ ಅವನಿಗೆ ಗೊತ್ತಿತ್ತು.

ಗುರುಗಳು ಬಂದು ಪಂಕ್ತಿಯ ಕೊನೆಯಲ್ಲಿ ಕೂತರು.

ಕಲ್ಲಿನಾಥ ಸೌಟು ಹಿಡಿದೇ ಹತ್ತಿರ ಓಡಿ ಬಂದ. ಅವನ ಮುಖ ಹಿಗ್ಗಿನಿಂದ ಅರಳಿತ್ತು.

"ಗುರುಗಳೇ, ಆ ಪದದ ಅರ್ಥ..."

ಗುರುಗಳು ಕೈ ತೊಳೆದುಕೊಂಡು ತಲೆಯೆತ್ತಿದರು.

"ಅರ್ಥ ಆಮೇಲೆ ಹೇಳುವಿರಂತೆ, ಯಜಮಾನರೇ. ಮೊದಲು ನನಗೊಂದು ಎಲೆ ಹಾಕಿಸಿ."