ಸೆಂಡ್ ಅಂದ್ರೆ ಕಲಿಸು

ಇಂಗ್ಲಿಷಿನವರೇ ನನ್ನ ಹತ್ತಿರ ಬಂದು ಇಂಗ್ಲಿಷ್ ಕಲಿಯಬೇಕು, ಅಷ್ಟು ಬರುತ್ತೆ ನನಗೆ. ಆದರೆ ನನ್ನ ಹುಂಜದ ಜೀವಕ್ಕೆ ಬಂದಾಗ ಒಂದಕ್ಷರವೂ ಬರುವುದಿಲ್ಲ.

ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ದೊಡ್ಡ ಕಾನ್ವೆಂಟಿನಲ್ಲಿ ಓದಿದವರು. ಳ ಅನ್ನಲು ಹೋದರೆ ಬಾಯಲ್ಲಿ ಲ ಬರುತ್ತಿತ್ತು. ಒಂದು ದಿನ ಜವಾನನಾದ ನನ್ನನ್ನು ಕರೆದು, "ಏಯ್ ಕೆಂಚಯ್ಯ, ನಿನ್ನ ಹುಂಜಾನ ನಮ್ಮನೆಗೆ ಸೆಂಡ್ ಮಾಡು. ಸಾರಿಗಾಗುತ್ತೆ" ಅಂದರು.

"ಸೆಂಡ್ ಅಂದ್ರೇನು ಸ್ವಾಮಿ?"

"ಅಷ್ಟೂ ಗೊತ್ತಿಲ್ವಾ? ಕಲಿಸು!"

ಸೂರ್ಯನನ್ನೇ ಹಾಸಿಗೆಯಿಂದ ಎಬ್ಬಿಸುವ ಹುಂಜ ನನ್ನದು. ಬಿಟ್ಟುಕೊಡ್ತೀನಾ?

ಮಾರನೆಯ ದಿನ ಸಾಹೇಬರು ಗುಡುಗಿದರು. "ಎಲ್ಲಯ್ಯಾ ಹುಂಜ?"

"ಕಲಿಸ್ತಾ ಇದೀನಿ ಸ್ವಾಮಿ. ಕಾಲು ಒರೆಸ್ಕೊಂಡು ಒಳಗೆ ಬರೋದು ಕಲಿತಾಯ್ತು. ನಿಮಗೆ ಕೈ ಮುಗಿಯೋದು ಮಾತ್ರ ರೆಕ್ಕೆಗೆ ಹತ್ತುತ್ತಿಲ್ಲ."

"ಕಲಿಸು ಅಲ್ಲಯ್ಯಾ, ಕಲಿಸು!"

"ಅದನ್ನೇ ಮಾಡ್ತಿರೋದು ಸ್ವಾಮಿ."

ಗುಮಾಸ್ತರೆಲ್ಲ ಕಡತಗಳ ಹಿಂದೆ ಮುಖ ಮುಚ್ಚಿಕೊಂಡು ಕುಲುಕಾಡಿದರು. ಸಾಹೇಬರು ಕೆಂಪಗಾದರು. ನಾಲಿಗೆ ಮಡಚಿ, ಇದ್ದಬದ್ದ ಸಿಟ್ಟನ್ನೆಲ್ಲ ಹಾಕಿ ನನ್ನ ಮೇಲೆ ಕೂಗಿದರು. "ಕಳ್ಳ!"

"ಬಂತು ಸ್ವಾಮಿ, ಳ ಬಂತು!" ಅಂದೆ. "ಕಂಡೋರ ಹುಂಜ ಹೊಡ್ಕೊಳ್ಳೋರಿಗೆ ನಮ್ಮೂರಲ್ಲೂ ಅದೇ ಪದ."